ಉದಾಹರಣೆಯಿಲ್ಲದ ಕೈಪಿಡಿ

ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಮೌಸ್ ಬಿಟ್ಟು ಅಕ್ಷರ ಬರೆದೇ ಕೆಲಸ ಮಾಡಿಸುವ ಒಂದು ಕಪ್ಪು ಪರದೆ ಇರುತ್ತದೆ. ಅಲ್ಲಿ 'ಮ್ಯಾನ್' ಎಂದು ಬರೆದು, ಮುಂದೆ ಒಂದು ಆಜ್ಞೆಯ ಹೆಸರು ಬರೆದರೆ ಆ ಆಜ್ಞೆಯ ಕೈಪಿಡಿ ತೆರೆಯುತ್ತದೆ. ಮ್ಯಾನ್ ಎಂದರೆ ಇಲ್ಲಿ ಗಂಡಸಲ್ಲ, 'ಮ್ಯಾನ್ಯುಯಲ್' ಎಂಬುದರ ಮೊಟಕು. ಬೈಲಹೊಂಗಲದಲ್ಲಿ ನನಗೆ ಕಲಿಸುವವರು ಯಾರೂ ಸಿಗದ ಕಾರಣ ಈ ಕೈಪಿಡಿಯನ್ನೇ ಗುರುವೆಂದುಕೊಂಡು ಓದಿದೆ. ಓದಿದ ಮೇಲೆ ಇದರ ಬರವಣಿಗೆಯ ಗುಣದೋಷ ಹೇಳಬೇಕೆನಿಸಿತು.

ಮೊದಲು ಗುಣ. ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಯುನಿಕ್ಸ್‌ನ ಮೊದಲ ಕೈಪಿಡಿಯ ಮೇಲಿನ ತಾರೀಖು 1971ರ ನವೆಂಬರ್ 3. ಹೆಸರು, ಬಳಸುವ ಬಗೆ, ವಿವರಣೆ, ಇದನ್ನೂ ನೋಡಿ, ದೋಷಗಳು ಎಂದು ಅಂದು ಹಾಕಿದ ಚೌಕಟ್ಟು ಇಂದಿಗೂ ಉಳಿದಿದೆ. 'ದೋಷಗಳು' ಎಂಬ ತಲೆಬರಹ ನನಗೆ ಬಹಳ ಹಿಡಿಸಿತು. ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲಿ ಕಂಪನಿಯವರು ತಮ್ಮ ಕುಕ್ಕರಿನ ಕೊರತೆ ಬರೆದದ್ದನ್ನು ನೀವು ಕಂಡಿದ್ದೀರಾ?

ಇನ್ನು ದೋಷ. ಮಹಿಳಾ ಸಂಘದ ಉಳಿತಾಯದ ಮೊತ್ತಗಳನ್ನು ಸಾಲಿಗೊಂದರಂತೆ ಬರೆದು 'ಸಾರ್ಟ್' ಎಂಬ ಆಜ್ಞೆ ಕೊಟ್ಟೆವೆನ್ನಿ. 1000 ಮೊದಲು, 200 ಆಮೇಲೆ, 50 ಕೊನೆಗೆ ಬರುತ್ತದೆ. ಅದು ಅಂಕಿಯನ್ನೂ ಅಕ್ಷರದಂತೆ ಎಡದಿಂದ ಓದುತ್ತದೆ; ಒಂದರ ನಂತರ ಎರಡು, ಆಮೇಲೆ ಐದು. ಆಜ್ಞೆಯ ಮುಂದೆ ಒಂದು ಅಡ್ಡಗೆರೆ ಎಳೆದು 'ಎನ್' ಸೇರಿಸಿದರೆ 50, 200, 1000 ಎಂದು ಸರಿಯಾಗುತ್ತದೆ. ಕೈಪಿಡಿಯಲ್ಲಿ ಈ 'ಎನ್' ಬಗ್ಗೆ ಇರುವುದು ಒಂದೇ ಸಾಲು. ಸಾಲು ಸುಳ್ಳಲ್ಲ, ಆದರೆ ಯಾವಾಗ ಬೇಕಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂಬ ಉದಾಹರಣೆ ಇಲ್ಲ. ಗೊತ್ತಿದ್ದವರಿಗೆ ನೆನಪು ಮಾಡಿಕೊಡುವ ಬರಹ ಇದು, ಗೊತ್ತಿಲ್ಲದವರಿಗೆ ಕಲಿಸುವುದಲ್ಲ.

ನಮ್ಮ ಕಡೆ ಕಲಿಕೆ ಹೀಗಿಲ್ಲ. ರಾಮದುರ್ಗದ ನೇಕಾರರ ಮಕ್ಕಳು ಮಗ್ಗದ ಪಕ್ಕದಲ್ಲಿ ಕುಳಿತೇ ಕಲಿತವರು. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತೆಗಳನ್ನು ಅರಿವೆಯ ಮೇಲೆ ಚಿತ್ರ ಬರೆಯದೆ ಎಳೆ ಎಣಿಸಿ ಹಾಕುತ್ತಾರೆ. "ಇಲ್ಲಿ ನೋಡವಾ, ನಾಕ ಎಳಿ ಬಿಟ್ಟು ಸೂಜಿ ಹಾಕು" ಎಂದು ಅಜ್ಜಿ ಮೊದಲು ಹಾಕಿ ತೋರಿಸುತ್ತಾಳೆ. ಹೊಲಿಗೆಯ ಹೆಸರು ಆಮೇಲೆ. ಕೈಪಿಡಿಯಲ್ಲಿ ಹೆಸರೇ ಮೊದಲು, ತೋರಿಸುವ ಕೈ ಇಲ್ಲ.

ಅದರ ಮೇಲೆ ಇಂಗ್ಲಿಷಿನ ತೊಡಕು. ಕಿತ್ತೂರಿನಲ್ಲೋ ಸವದತ್ತಿಯಲ್ಲೋ ಕನ್ನಡ ಶಾಲೆ ಕಲಿತ ಹುಡುಗಿಗೆ ಎರಡು-ಮೂರು ಅಕ್ಷರದ ಆಜ್ಞೆ ಕಷ್ಟವಲ್ಲ; ಅದರ ವಿವರಣೆ ಕಷ್ಟ. ಲೆಕ್ಕದಲ್ಲಿ ಜಾಣೆಯಾದವಳೂ ಅಲ್ಲಿಗೆ ನಿಂತುಬಿಡುತ್ತಾಳೆ. ಈ ನಷ್ಟ ಸಣ್ಣದೆಂದು ನನಗೆ ತೋರುವುದಿಲ್ಲ.

ಆದರೂ ಓದಿರಿ ಎಂದೇ ನನ್ನ ಸಲಹೆ. ಕಂಪ್ಯೂಟರಿನಲ್ಲೇ ಇರುವುದರಿಂದ ಇಂಟರ್‌ನೆಟ್ ಬೇಡ, ಖರ್ಚಿಲ್ಲ. ಮೊದಲ ಸಲ ಹೆಸರು, ಬಳಸುವ ಬಗೆ ಇಷ್ಟೇ ನೋಡಿ. ಚೌಕ ಕಂಸದೊಳಗಿನದು ಬೇಕಿದ್ದರೆ ಹಾಕುವಂಥದ್ದು. ಹೊರಬರಲು 'ಕ್ಯೂ' ಒತ್ತಿ. ಒಂದೊಂದು ಆಜ್ಞೆಗೂ ನಿಮ್ಮ ಮನೆಯ ಲೆಕ್ಕದ್ದೇ ಒಂದು ಉದಾಹರಣೆಯನ್ನು ಕನ್ನಡದಲ್ಲಿ ನೋಟುಬುಕ್ಕಿನಲ್ಲಿ ಬರೆದಿಡಿ. ಪಕ್ಕದ ಮನೆಯ ಹುಡುಗಿಗೆ ಅದು ಕೈಪಿಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.