ಮಧ್ಯದ ಮೆಟ್ಟಿಲು ಎಲ್ಲಿ? ಬುಡಕಟ್ಟು ಯುವ ಸಂಶೋಧಕರಿಗೆ ಸರ್ಕಾರಿ ಅನುದಾನ: ಒಂದು ವಿಮರ್ಶೆ

ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 'ಕ್ರೆಸ್ಟ್' ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಇಲ್ಲಿಂದಲೇ. ಅದರ ದರ್ಪಣದ ವ್ಯಾಸ 2 ಮೀಟರ್. ಆ ಎತ್ತರದ ಬಯಲುಗಳಲ್ಲಿ ಪಶ್ಮೀನಾ ಮೇಕೆಗಳನ್ನು ಮೇಯಿಸುತ್ತ ಬಂದವರು ಚಾಂಗ್ಪಾ ಜನ. ಪರಿಶಿಷ್ಟ ಪಂಗಡಕ್ಕೆ ಸೇರಿದವರು. 2022ರಲ್ಲಿ ಹಾನ್ಲೆಯ ಸುತ್ತ ಕತ್ತಲೆ ಆಕಾಶದ ಮೀಸಲು ಪ್ರದೇಶ ರೂಪುಗೊಂಡಾಗ ಸ್ಥಳೀಯರಿಗೆ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ತರಬೇತಿಯನ್ನೂ ನೀಡಲಾಯಿತು. ಇದು ಒಳ್ಳೆಯ ಕೆಲಸ. ಆದರೆ ಆಕಾಶ ತೋರಿಸುವ ಮಾರ್ಗದರ್ಶಿಗೂ ಆಕಾಶದ ಬಗ್ಗೆ ಸ್ವಂತ ಪ್ರಶ್ನೆ ಕೇಳುವ ಸಂಶೋಧಕನಿಗೂ ನಡುವೆ ಎಷ್ಟು ದೂರವಿದೆ ಎಂದು ನೀವು ಯೋಚಿಸಿದ್ದೀರಾ? ಆ ದೂರವನ್ನು ಕ್ರಮಿಸಲು ನಮ್ಮ ಸರ್ಕಾರಿ ಅನುದಾನಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬುದೇ ಈ ಲೇಖನದ ವಿಷಯ.

ಹೊರದೇಶಗಳಲ್ಲಿ 'ಮೂಲನಿವಾಸಿ' ಎನ್ನುವ ಕಡೆ ನಮ್ಮ ಸಂವಿಧಾನ ಬಳಸುವ ಪದ 'ಪರಿಶಿಷ್ಟ ಪಂಗಡ'. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಈ ಪಂಗಡಗಳ ಜನಸಂಖ್ಯೆ ಸುಮಾರು 42.5 ಲಕ್ಷ, ಅಂದರೆ ಶೇಕಡಾ 6.95. ಇವರಲ್ಲಿ ಜೇನುಕುರುಬ ಮತ್ತು ಕೊರಗ ಸಮುದಾಯಗಳು ವಿಶೇಷವಾಗಿ ದುರ್ಬಲವಾದ ಪಂಗಡಗಳೆಂದು ಗುರುತಾಗಿವೆ. ನಮ್ಮ ಹತ್ತಿರದಲ್ಲೇ ನೋಡುವುದಾದರೆ ಮಾಗಡಿ, ಕನಕಪುರ, ರಾಮನಗರದ ಇರುಳಿಗರಿದ್ದಾರೆ. ಈ ತಾಲ್ಲೂಕುಗಳು 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದವು.

ಇವರಿಗೆ ಪ್ರತ್ಯೇಕ ಅನುದಾನ ಏಕೆ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ನ್ಯಾಯದ ಉತ್ತರ ನಿಮಗೆ ತಿಳಿದದ್ದೇ. ವಿಜ್ಞಾನದ ಉತ್ತರವೂ ಒಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಕಾಡಿನ ಒಣ ಎಲೆಗಳಿಗೆ ಹಚ್ಚುತ್ತಿದ್ದ, ನೆಲಮಟ್ಟದಲ್ಲೇ ಉರಿದು ಆರುವ 'ತರಗು ಬೆಂಕಿ' ನಿಂತುಹೋದ ಮೇಲೆ ಲಂಟಾನ ಹಬ್ಬಿತು ಎಂದು ಹೇಳುತ್ತ ಬಂದಿದ್ದರು. ಪರಿಸರ ವಿಜ್ಞಾನಿಗಳು ಅದನ್ನು ಪರೀಕ್ಷಿಸಬೇಕಾದ ಪ್ರಶ್ನೆಯಾಗಿ ಕೈಗೆತ್ತಿಕೊಂಡದ್ದು ಬಹಳ ತಡವಾಗಿ. ಆ ಸಮುದಾಯದಿಂದಲೇ ಬಂದ ಸಿ. ಮಾದೇಗೌಡ ಅವರು ಪಿಎಚ್.ಡಿ. ಪಡೆದು, ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರಾಗಿ ಕೆಲಸ ಮಾಡಿದ್ದಾರೆ. ಅದೇ ಬೆಟ್ಟದಲ್ಲಿ ಪತ್ತೆಯಾದ ಕಣಜದ ಒಂದು ಹೊಸ ಕುಲಕ್ಕೆ ವಿಜ್ಞಾನಿಗಳು 'ಸೋಲಿಗ' ಎಂಬ ಹೆಸರನ್ನಿಟ್ಟರು. ಗೌರವದ ಸಂಗತಿಯೇ ಸರಿ. ಆದರೆ ಕೀಟದ ಹೆಸರಿನಲ್ಲಿ ಸೋಲಿಗರಿದ್ದರೆ ಸಾಲದು, ಪ್ರಬಂಧ ಬರೆದವರ ಹೆಸರುಗಳಲ್ಲೂ ಅವರಿರಬೇಕು.

ಈಗ ಯೋಜನೆಗಳನ್ನು ಏಣಿಯ ಮೆಟ್ಟಿಲುಗಳಂತೆ ಪರಿಶೀಲಿಸೋಣ.

ಮೊದಲ ಮೆಟ್ಟಿಲು ಪಿಎಚ್.ಡಿ. ವ್ಯಾಸಂಗ. 2005-06ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಎಂಬ ಹೆಸರಿನಲ್ಲಿ ಆರಂಭವಾದ ಯೋಜನೆಯನ್ನು ಪರಿಶಿಷ್ಟ ಪಂಗಡದವರ ಮಟ್ಟಿಗೆ ಈಗ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ನಡೆಸುತ್ತಿದೆ. ವರ್ಷಕ್ಕೆ 750 ಫೆಲೋಶಿಪ್‌ಗಳು, ಗರಿಷ್ಠ 5 ವರ್ಷ. ವಿದೇಶ ವ್ಯಾಸಂಗಕ್ಕೆ ಪ್ರತ್ಯೇಕವಾಗಿ ವರ್ಷಕ್ಕೆ 20 ವಿದ್ಯಾರ್ಥಿವೇತನಗಳಿದ್ದು, ಅವುಗಳಲ್ಲಿ 3 ವಿಶೇಷವಾಗಿ ದುರ್ಬಲವಾದ ಪಂಗಡಗಳಿಗೇ ಮೀಸಲು. ಈ ಒಳಮೀಸಲು ಮೆಚ್ಚತಕ್ಕದ್ದು. ಏಕೆಂದರೆ ಕರ್ನಾಟಕದ ಪರಿಶಿಷ್ಟ ಪಂಗಡದವರಲ್ಲಿ ಸುಮಾರು ಮುಕ್ಕಾಲು ಭಾಗ ನಾಯಕ ಸಮುದಾಯವೊಂದರವರೇ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಕೊರಗರಂಥ ಪುಟ್ಟ ಸಮುದಾಯಗಳು ಕಣ್ಣಿಗೇ ಬೀಳುವುದಿಲ್ಲ.

ಮೂರನೆಯ ಮೆಟ್ಟಿಲು ಕಾಯಂ ಹುದ್ದೆ ದೊರೆತವರಿಗೆ ಸಿಗುವ ಸಂಶೋಧನ ಅನುದಾನ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿಜ್ಞಾನಿಗಳಿಗೆಂದೇ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನ ಮಂಡಳಿ ಒಂದು ಯೋಜನೆಯನ್ನು ನಡೆಸಿತ್ತು. 2023ರ ಕಾಯಿದೆಯಂತೆ ಆ ಮಂಡಳಿಯ ಜಾಗಕ್ಕೆ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವೂ ಇದೇ ಉದ್ದೇಶದ 'ಇನ್‌ಕ್ಲೂಸಿವಿಟಿ ರಿಸರ್ಚ್ ಗ್ರಾಂಟ್' ಪ್ರಕಟಿಸಿತು. ವೃತ್ತಿಯ ಆರಂಭದಲ್ಲಿರುವ ಎಲ್ಲರಿಗಾಗಿ 2024ರಲ್ಲಿ ಪ್ರಕಟವಾದ ಪ್ರಧಾನಮಂತ್ರಿಗಳ ಹೆಸರಿನ ಅನುದಾನದ ಮೊತ್ತ 3 ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ. ಅದರ ವಯೋಮಿತಿ 42; ಪರಿಶಿಷ್ಟರಿಗೆ 45.

ಮೊತ್ತ ಸಣ್ಣದಲ್ಲ, ಉದ್ದೇಶವೂ ಸರಿಯಾಗಿಯೇ ಇದೆ. ಹಾಗಾದರೆ ದೋಷವೆಲ್ಲಿ? ಈ ಮೂರನೆಯ ಮೆಟ್ಟಿಲಿಗೆ ಕಾಲಿಡಬೇಕಾದರೆ ಕಾಯಂ ಹುದ್ದೆ ಇರಲೇಬೇಕು.

ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಬುಡಕಟ್ಟು ಕುಟುಂಬದವನು, ಮನೆಯಲ್ಲಿ ಮೊದಲ ಪದವೀಧರ, ಫೆಲೋಶಿಪ್ ನೆರವಿನಿಂದ ರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದ್ದಾನೆ. ಫೆಲೋಶಿಪ್ ನಿಂತ ಮರುತಿಂಗಳೇ ಮನೆಯ ಖರ್ಚು ಎದುರಾಗುತ್ತದೆ. ನೆಲಮಂಗಲದಲ್ಲೋ ದೊಡ್ಡಬಳ್ಳಾಪುರದಲ್ಲೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರುತ್ತಾನೆ. ರಾಜ್ಯದಲ್ಲಿ ಇಂಥ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರವನ್ನು ಮೀರಿದೆ. ಅವರ ನೇಮಕ ತಾತ್ಕಾಲಿಕ, ಕೊಡುವುದು ಸಂಬಳವಲ್ಲ, ಗೌರವಧನ. ಅನುದಾನದ ನಿಯಮಗಳ ಪ್ರಕಾರ ಈತ ಅರ್ಜಿಯನ್ನೇ ಹಾಕುವಂತಿಲ್ಲ. ನಾಲ್ಕೈದು ವರ್ಷ ಪ್ರಬಂಧ ಪ್ರಕಟಣೆ ಇಲ್ಲದೆ ಕಳೆದರೆ, ಮುಂದೆ ಕಾಯಂ ಹುದ್ದೆಯ ಸಂದರ್ಶನದಲ್ಲಿ ಅದೇ ಅವನ ಕೊರತೆಯಾಗಿ ಕಾಣುತ್ತದೆ.

ಎರಡನೆಯ ಮೆಟ್ಟಿಲು ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಪಿಎಚ್.ಡಿ. ನಂತರದ ರಾಷ್ಟ್ರೀಯ ಫೆಲೋಶಿಪ್ ಇದೆ. ಅವಧಿ 2 ವರ್ಷ, ವಯೋಮಿತಿ 35, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಪರಿಶಿಷ್ಟ ಜಾತಿ-ಪಂಗಡಗಳೆರಡಕ್ಕೂ ಸೇರಿ ವರ್ಷಕ್ಕೆ 100 ಫೆಲೋಶಿಪ್‌ಗಳ ಯೋಜನೆಯೊಂದನ್ನು ನಡೆಸಿದ್ದುಂಟು. ಕೆಳಗಿನ ಮೆಟ್ಟಿಲಿನಲ್ಲಿ ಒಂದು ವರ್ಗಕ್ಕೇ 750, ಮಧ್ಯದಲ್ಲಿ ಎರಡು ವರ್ಗಗಳಿಗೂ ಸೇರಿ 100! ಈ ಮೆಟ್ಟಿಲು ಕಿರಿದು. ಮೇಲಾಗಿ, ಆಶ್ರಯ ಕೊಡುವ ದೊಡ್ಡ ಪ್ರಯೋಗಾಲಯವನ್ನು ಅಭ್ಯರ್ಥಿಯೇ ಹುಡುಕಿಕೊಳ್ಳಬೇಕು. ಪರಿಚಯವಿಲ್ಲದವನಿಗೆ ಅದು ಸುಲಭವಲ್ಲ. ಹುದ್ದೆಗಳ ಬಾಗಿಲೂ ಎಲ್ಲೆಡೆ ಒಂದೇ ಸಮನಾಗಿ ತೆರೆದಿಲ್ಲ. ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗಳಲ್ಲಿ ಮೀಸಲಾತಿ ವಿಧಿಸಿದ 2019ರ ಕಾಯಿದೆ ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ದೇವನಹಳ್ಳಿಯ ದಾರಿಯಲ್ಲಿ, ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ ಅವುಗಳಲ್ಲೊಂದು.

ಪ್ರತಿಭೆಯಿದ್ದವರು ಹೇಗಾದರೂ ಮೇಲೆ ಬರುತ್ತಾರೆ ಎಂಬ ವಾದವುಂಟು. ಆದರೆ ಮೂರು ವರ್ಷ ಆದಾಯವಿಲ್ಲದೆ ಕಾಯುವ ಶಕ್ತಿ ಪ್ರತಿಭೆಯಲ್ಲ. ಅದು ಮನೆಯ ಆಸ್ತಿ. ಅದನ್ನು ಪ್ರತಿಭೆಯೆಂದು ಎಣಿಸುವುದು ಅಳತೆಯ ದೋಷ. ವಿಜ್ಞಾನ ಓದಿದ ನಾವು ಉಪಕರಣದ ದೋಷವನ್ನು ವಸ್ತುವಿನ ಗುಣವೆಂದು ಬರೆದುಕೊಳ್ಳುವುದಿಲ್ಲ, ಅಲ್ಲವೆ?

ಆಸ್ಟ್ರೇಲಿಯದ ಸಂಶೋಧನ ಮಂಡಳಿ ರೂಪಿಸಿದ 'ಡಿಸ್ಕವರಿ ಇಂಡಿಜಿನಸ್' ಯೋಜನೆಯಲ್ಲಿ ನೇತೃತ್ವ ಮೂಲನಿವಾಸಿ ಸಂಶೋಧಕರದೇ ಆಗಿರಬೇಕೆಂಬ ನಿಯಮವಿಟ್ಟು, ಅವರ ಸಂಬಳವನ್ನೂ ಅನುದಾನದಿಂದಲೇ ಕೊಡಲು ಅವಕಾಶ ಮಾಡಲಾಯಿತು. ನಮಗೂ ಬೇಕಾದ ಬದಲಾವಣೆ ಇದೇ. ಹುದ್ದೆ ಇದ್ದವರಿಗೆ ಅನುದಾನ ಎನ್ನುವ ಬದಲು, ಅನುದಾನದೊಳಗೇ ಕೆಲವು ವರ್ಷಗಳ ಜೀವನೋಪಾಯ ಸೇರಿರಬೇಕು. ಅತಿಥಿ ಉಪನ್ಯಾಸಕರಿಗೆ ಅರ್ಜಿ ಹಾಕಲು ಅವಕಾಶ ಬೇಕು. ಆಶ್ರಯ ಕೊಡುವ ಸಂಸ್ಥೆಯನ್ನು ಅನುದಾನ ನೀಡುವವರೇ ಜೋಡಿಸಬೇಕು. ಯಾವ ಪಂಗಡದ ಎಷ್ಟು ಮಂದಿಗೆ ಏನು ದೊರೆಯಿತು ಎಂಬ ಲೆಕ್ಕ ಪ್ರತಿವರ್ಷ ಪ್ರಕಟವಾಗಬೇಕು.

ಕೆಲಸಕ್ಕೆ ವಿಷಯವಂತೂ ಬಾಗಿಲಲ್ಲೇ ಇದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮೂಲಕ ದೇವನಹಳ್ಳಿ ಭಾಗದ ಕೆರೆಗಳಿಗೆ ಹರಿದಿದೆ. ಅದು ಅಂತರ್ಜಲವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆಯಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪ್ರತಿ ತಾಲ್ಲೂಕಿನಲ್ಲೂ ಕಾಲೇಜುಗಳಿವೆ. ಊರಿನಲ್ಲೇ ಇದ್ದು ಈ ಕೆಲಸ ಮಾಡಬಲ್ಲವರೂ ಇದ್ದಾರೆ. ಅವರನ್ನು ಮೂರು ವರ್ಷ ಉಳಿಸಿಕೊಳ್ಳುವ ವ್ಯವಸ್ಥೆ ಸಾಲದು, ಅಷ್ಟೆ.

ನೀವು ಶಿಕ್ಷಕರಾಗಿದ್ದರೆ, ನಿಮ್ಮ ತರಗತಿಯ ಬುಡಕಟ್ಟು ವಿದ್ಯಾರ್ಥಿಗೆ ಈ ಮೂರು ಮೆಟ್ಟಿಲುಗಳ ವಿಷಯವನ್ನು ಪದವಿಯ ಮೊದಲ ವರ್ಷದಲ್ಲೇ ತಿಳಿಸಿ. ಮಧ್ಯದ ಮೆಟ್ಟಿಲು ಕಿರಿದೆಂಬುದನ್ನೂ ಮುಚ್ಚಿಡಬೇಡಿ, ಪಿಎಚ್.ಡಿ. ಮುಗಿಯುವ ಒಂದು ವರ್ಷ ಮೊದಲೇ ಆಶ್ರಯ ಸಂಸ್ಥೆಗೆ ಪತ್ರ ಬರೆಯಲು ಹೇಳಿ, ಸಾಧ್ಯವಾದರೆ ಮೊದಲ ಪತ್ರವನ್ನು ನೀವೇ ಜೊತೆಗೆ ಕುಳಿತು ಬರೆಸಿ. ಮೆಟ್ಟಿಲನ್ನು ಅಗಲ ಮಾಡುವುದು ಸರ್ಕಾರದ ಕೆಲಸ. ಅದಾಗುವವರೆಗೆ ಹತ್ತುವವನಿಗೆ ಕೈಕೊಡುವುದು ನಮ್ಮಿಂದಾಗುವ ಕೆಲಸ.