ಬದಲಿ ಕೂಲಿಗಾರರೂ ‘ಹೊಸ ವರ್ಗ’ವೂ

ಗೈ ಸ್ಟ್ಯಾಂಡಿಂಗ್ ಅವರು ‘ದಿ ಪ್ರಿಕ್ಯಾರಿಯಟ್’ (2011) ಗ್ರಂಥದಲ್ಲಿ ಅಭದ್ರ ಉದ್ಯೋಗಿಗಳನ್ನು ಹೊಸ ವರ್ಗವೆಂದು ಕರೆದಿದ್ದಾರೆ. ಈ ‘ಹೊಸ’ ಎಂಬ ವಿಶೇಷಣವನ್ನು ನಾವು ಒಪ್ಪಲಾರೆವು. ಮುಂಬಯಿಯ ಹತ್ತಿ ಗಿರಣಿಗಳ ಬಾಗಿಲಲ್ಲಿ ಬದಲಿ ಕೂಲಿಗಾರರು ಬೆಳಗ್ಗೆ ಕಾದು ನಿಲ್ಲುತ್ತಿದ್ದರು. ಗೈರುಹಾಜರಾದವನ ಕೆಲಸ ಯಾರಿಗೆಂಬುದು ಬಹುಮಟ್ಟಿಗೆ ಜಾಬರನ ಮರ್ಜಿ. ಇದು ಹಳ್ಳಿಗನ ಚಂಚಲತೆಯ ಫಲವಲ್ಲ, ಬೇಡಿಕೆಯ ಏರಿಳಿತಕ್ಕೆ ತಕ್ಕಂತೆ ಕೆಲಸಗಾರರ ಸಂಖ್ಯೆಯನ್ನು ಹಿಗ್ಗಿಸಿ ಕುಗ್ಗಿಸಲು ಮಾಲೀಕರು ಅನುಸರಿಸಿದ ನೀತಿಯೆಂಬುದನ್ನು ರಾಜನಾರಾಯಣ ಚಂದಾವರ್ಕರರು 1994ರಲ್ಲಿಯೇ, ‘ದಿ ಒರಿಜಿನ್ಸ್ ಆಫ್ ಇಂಡಸ್ಟ್ರಿಯಲ್ ಕ್ಯಾಪಿಟಲಿಸಂ ಇನ್ ಇಂಡಿಯಾ’ ಎಂಬ ಗ್ರಂಥದಲ್ಲಿ, ಪ್ರತಿಪಾದಿಸಿದ್ದರು. ಪಶ್ಚಿಮ ದೇಶಗಳ ಯುದ್ಧೋತ್ತರ ಕಾಲದ ಖಾಯಂ ನೌಕರಿಯನ್ನೇ ಅಳತೆಗೋಲಾಗಿ ಹಿಡಿದುದರಿಂದ ಸ್ಟ್ಯಾಂಡಿಂಗರಿಗೆ ಈ ದೃಷ್ಟಿದೋಷ ಒದಗಿತೆಂದು ನಮಗೆ ತೋರುತ್ತದೆ. ಅಭದ್ರತೆ ವಿದ್ಯಾವಂತರನ್ನೂ ಮುಟ್ಟಿದೆಯೆಂಬ ಅವರ ಮಾತು ಮಾತ್ರ ನಿಲ್ಲತಕ್ಕದ್ದು. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ಬಲ್ಲ ಓದುಗರಿಗೆ ಅದನ್ನು ವಿವರಿಸಬೇಕಾಗಿಲ್ಲ.