ಕಡತದ ಕಾವಲೂ ಧವಳದ ಪಾಠವೂ

ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಲೆಕ್ಕದ ಪುಸ್ತಕಕ್ಕೆ ನಮ್ಮ ಹಿರಿಯರು ಕಡತವೆನ್ನುತ್ತಿದ್ದರು. ಈಗ ಆ ಹೆಸರು ಗಣಕಯಂತ್ರದೊಳಗಿನ ಬರಹಕ್ಕೂ ಸಲ್ಲುತ್ತಿದೆ. ಈ ಹೊಸ ಕಡತಗಳನ್ನು ಯಾರು ಓದಬೇಕು, ಯಾರು ತಿದ್ದಬೇಕು ಎಂಬುದನ್ನು ಆಪರೇಟಿಂಗ್ ಸಿಸ್ಟಂ ಎಂಬ ಆಡಳಿತ ತಂತ್ರಾಂಶವು ಎರಡು ಬಗೆಯಲ್ಲಿ ನಿರ್ಣಯಿಸುವುದು. ಯೂನಿಕ್ಸಿನ ಹಳೆಯ ಪದ್ಧತಿಯಲ್ಲಿ ಕಡತದ ಒಡೆಯನ ಇಚ್ಛೆಯೇ ಪ್ರಮಾಣ. ಎರಡನೆಯ ಬಗೆಯಲ್ಲಾದರೋ ನಿಯಮವು ಒಡೆಯನನ್ನೂ ಕಟ್ಟುವುದು. ಇದನ್ನು ಕಡ್ಡಾಯ ನಿಯಂತ್ರಣವೆನ್ನಬಹುದು.

ಈ ಭೇದವು ಕನ್ನಡಿಗರಿಗೆ ಹೊಸದೇನೂ ಅಲ್ಲ. ಬೆಳ್ಳೂರಿನ ಸೀಮೆಯಲ್ಲಿ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಂಥ ಬಸದಿಯ ಊರುಗಳಲ್ಲಿ, ಶಿಲಾಶಾಸನಗಳನ್ನು ಓದಬಲ್ಲವರೆಲ್ಲರೂ ಓದಬಹುದು; ಅಳಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವು, ತಾನೇ ಕೊಟ್ಟುದನ್ನು ಹಿಂದಕ್ಕೆ ಕಿತ್ತುಕೊಳ್ಳುವ ದಾನಿಗೂ ತಟ್ಟುವುದಷ್ಟೆ.

ಕಡ್ಡಾಯ ನಿಯಂತ್ರಣಕ್ಕೆ ಶಾಸ್ತ್ರರೂಪವನ್ನು ಕೊಟ್ಟವರಲ್ಲಿ ಬೆಲ್ ಮತ್ತು ಲಾಪಡುಲ ಎಂಬ ಅಮೆರಿಕದ ವಿದ್ವಾಂಸರು ಮುಖ್ಯರು. 1973ರಲ್ಲಿ ಅವರು ನಿರೂಪಿಸಿದ ತತ್ತ್ವವು ಎರಡು ಮಾತಿನದು: ಕೆಳಗಿನ ದರ್ಜೆಯವನು ಮೇಲಿನ ದರ್ಜೆಯ ಕಡತವನ್ನು ಓದಲಾಗದು, ಮೇಲಿನದನ್ನು ಓದಿದವನು ಕೆಳಗಿನ ದರ್ಜೆಯ ಕಡತದಲ್ಲಿ ಬರೆಯಲಾಗದು. ಎರಡನೆಯ ಮಾತೇ ಇದರ ಹೃದಯ. ಒಡೆಯನ ಇಚ್ಛೆಯನ್ನೇ ನಂಬಿದ ಪದ್ಧತಿಯಲ್ಲಿ, ಓದಲು ಅನುಮತಿ ಪಡೆದವನು ಪ್ರತಿಮಾಡಿ ಹೊರಗೆ ಕೊಟ್ಟರೆ ತಡೆಯುವವರಿಲ್ಲ.

ಮೂಡಬಿದಿರೆಯಲ್ಲಿ ಆದುದು ಇದೇ. ಧವಳ, ಜಯಧವಳ, ಮಹಾಬಂಧಗಳ ಹಳಗನ್ನಡ ಲಿಪಿಯ ಓಲೆಪ್ರತಿಗಳು ಅಲ್ಲಿಯ ಬಸದಿಯಲ್ಲಿ ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡಲು ಅನುಮತಿ ದೊರೆಯಿತು. ಆದರೆ ಪ್ರತಿಗಳು ಅಲ್ಲಿಯೇ ಇರಬೇಕೆಂಬುದು ಕಟ್ಟಳೆ. ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಯ ಪ್ರತಿಗಳು ಹರಡಿದುವು. 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಧವಳದ ಮೊದಲ ಸಂಪುಟವನ್ನು ಹೊರತಂದುದು ಇಂಥ ಪ್ರತಿಗಳ ಆಧಾರದಿಂದ.

ಬೆಲ್ ಮತ್ತು ಲಾಪಡುಲರ ದೃಷ್ಟಿಯಿಂದ ನೋಡಿದರೆ ಇದು ಶುದ್ಧ ಸೋಲು. ಆದರೆ ಸೋತುದರಿಂದ ನಷ್ಟವಾದುದು ಯಾರಿಗೆ? ವಿದ್ವಲ್ಲೋಕಕ್ಕೆ ಮಹಾಗ್ರಂಥವೊಂದು ದೊರೆಯಿತು. ನಿಜವಾದ ಕೇಡು ಬೇರೆಡೆ ಇದ್ದಿತು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಹೊರಬಂದ ಪ್ರತಿಗಳಲ್ಲಿ ಬಿಟ್ಟುಹೋಗಿತ್ತು. ಇಲ್ಲಿ ಆ ಪದವಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಸ್ತ್ರೀಮುಕ್ತಿಯ ಚರ್ಚೆಗೆ ಸಂಬಂಧಿಸಿದ ಪದವಾದುದರಿಂದ ದೊಡ್ಡ ವಿವಾದವೇ ಎದ್ದಿತು. ಮುಂದೆ ಮೂಡಬಿದಿರೆಯ ಓಲೆಗಳನ್ನು ನೋಡಿದಾಗ ಪದವು ಅಲ್ಲಿ ಇದ್ದೇ ಇದ್ದಿತು.

ಪಾಠವನ್ನು ಉಳಿಸಿದುದು ಗುಟ್ಟಿನ ಕಾವಲಲ್ಲ, ಮೂಲವನ್ನು ಯಾರೂ ಮುಟ್ಟಿ ತಿದ್ದದ ಕಾವಲು. 1975ರಲ್ಲಿ ಬೀಬಾ ಎಂಬವರು ಪ್ರತಿಪಾದಿಸಿದ ನಿಯಮವು ಇದನ್ನೇ ಹೇಳುವುದು: ಕಡಿಮೆ ವಿಶ್ವಾಸಾರ್ಹವಾದುದು ಹೆಚ್ಚು ವಿಶ್ವಾಸಾರ್ಹವಾದುದರ ಮೇಲೆ ಬರೆಯಕೂಡದು. ಕಡ್ಡಾಯ ನಿಯಂತ್ರಣವೆಂದೊಡನೆ ಬೆಲ್ ಮತ್ತು ಲಾಪಡುಲರನ್ನೇ ಮುಂದಿಡುವ ವಾಡಿಕೆ ಸೇನೆಗೆ ಒಪ್ಪಬಹುದು, ಗ್ರಂಥಭಂಡಾರಕ್ಕೆ ಒಪ್ಪದು. ಇಷ್ಟಾಗಿ, ಆ ಭದ್ರ ಕಾವಲಿನೊಳಗೇ ಕೆಲವು ಓಲೆಗಳು ಹಾಳಾದುವು. ಹುಳುವಿಗೆ ಯಾವ ಕಟ್ಟಳೆಯೂ ಇಲ್ಲ, ಅದಕ್ಕೆ ಪ್ರತಿಗಳೇ ಮದ್ದು.

ಓಲೆಗರಿಗಳ ಛಾಯಾಚಿತ್ರಗಳನ್ನು ಗಣಕದಲ್ಲಿ ಶೇಖರಿಸುತ್ತಿರುವ ನಮ್ಮ ಸಂಸ್ಥೆಗಳಿಗೆ ಇದರಿಂದ ಒಂದು ಕೆಲಸ ಒದಗುತ್ತದೆ. ಮೂಲಚಿತ್ರದ ಕಡತವನ್ನು ಎಲ್ಲರೂ ಓದಲಿ. ಅದರ ಮೇಲೆ ಸಂಪಾದಕನೂ ಬರೆಯಲಾಗದಂತಿರಲಿ. ತಿದ್ದುಪಡಿಗಳೆಲ್ಲ ಬೇರೆ ಕಡತದಲ್ಲಿ ನಿಲ್ಲಲಿ. 2000ದಲ್ಲಿ ಬಹಿರಂಗವಾಗಿ 2003ರಲ್ಲಿ ಲಿನಕ್ಸಿನ ತಿರುಳನ್ನು ಸೇರಿದ ಎಸ್‌ಇಲಿನಕ್ಸಿನಿಂದ ಇಂಥ ಕಟ್ಟು ಸಾಧ್ಯ. ಅಲ್ಲಿ ಪ್ರತಿಯೊಂದು ಕಡತಕ್ಕೂ ಪ್ರತಿಯೊಂದು ಕಾರ್ಯಕ್ಕೂ ಗುರುತುಚೀಟಿಯುಂಟು. ನಿಯಮದಲ್ಲಿ ಹೇಳದ ಸಂಬಂಧವೆಲ್ಲ ನಿಷಿದ್ಧ. ಆದರೆ ಆ ನಿಯಮಾವಳಿಯನ್ನು ಬರೆಯುವವನೂ ಬದಲಿಸುವವನೂ ಮನುಷ್ಯನೇ. ಆ ಅಧಿಕಾರವು ಗ್ರಂಥಪಾಲನದೋ, ಯಂತ್ರಪಾಲಕನದೋ, ವಿದ್ವತ್ಸಮಿತಿಯದೋ ಎಂಬುದನ್ನು ಸಂಸ್ಥೆಗಳು ಚಿತ್ರ ತೆಗೆಯುವುದಕ್ಕೆ ಮೊದಲೇ ನಿಶ್ಚಯಿಸಬೇಕು.